ಕೀಲೆಣ್ಣೆಯೊಳಗಿನ ಕಾವಲು

ತರೀಕೆರೆಯ ಆಸುಪಾಸಿನ ಹಳ್ಳಿಗಳಲ್ಲಿ ಎತ್ತಿನ ಗಾಡಿಯೇ ಮುಖ್ಯ ವಾಹನವಾಗಿದ್ದ ಕಾಲದಲ್ಲಿ, ದೂರದ ಪಯಣಕ್ಕೆ ಮೊದಲು ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿಯುವುದು ವಾಡಿಕೆಯಾಗಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕಪ್ಪು ಮುದ್ದೆಯದು. ಹರಳೆಣ್ಣೆಯನ್ನೇ ಆರಿಸಿದ್ದೇಕೆ? ಅದು ಮಂದವಾಗಿದೆ ಎಂಬುದು ಅರ್ಧ ಉತ್ತರ ಮಾತ್ರ. ಅದರಲ್ಲಿರುವ ಕೊಬ್ಬಿನಾಮ್ಲದ ಅಣು ನೀಳವಾದುದು. ಅದರ ಒಂದು ತುದಿಗೆ ಲೋಹವನ್ನು ಕಚ್ಚಿ ಹಿಡಿಯುವ ಗುಣವುಂಟು. ಇಂತಹ ಅಣುಗಳು ಹುಲ್ಲುಹಾಸಿನಂತೆ ಒತ್ತಾಗಿ ನಿಂತು ಲೋಹದ ಮೈಯನ್ನು ಮುಚ್ಚುತ್ತವೆ. ರಸಾಯನಶಾಸ್ತ್ರವನ್ನರಿಯದ ನಮ್ಮ ಹಿರಿಯರು ಅನುಭವದಿಂದಲೇ ಸರಿಯಾದ ವಸ್ತುವನ್ನು ಗುರುತಿಸಿದ್ದರು.

ಕಣ್ಣಿಗೆ ನುಣುಪಾಗಿ ಕಾಣುವ ಉಕ್ಕಿನ ಮೈಯೂ ವಾಸ್ತವವಾಗಿ ನಮ್ಮ ಬಾಬಾಬುಡನ್ ಗಿರಿಶ್ರೇಣಿಯಂತೆ ಏರುತಗ್ಗುಗಳಿಂದ ಕೂಡಿದೆ. ಎರಡು ಮೈಗಳು ಉಜ್ಜಿದಾಗ ಶಿಖರಗಳು ಪರಸ್ಪರ ತಾಗಿ, ಕಾದು, ಬೆಸೆದು, ಮುರಿಯುತ್ತವೆ. ಮುರಿದ ಚೂರೇ ಸವೆತ. ಇದನ್ನು ತಪ್ಪಿಸಲು ಎಣ್ಣೆಗಿರುವ ಮೊದಲ ಉಪಾಯ, ನಡುವೆ ತಾನೇ ನಿಂತು ಎರಡನ್ನೂ ಬೇರ್ಪಡಿಸುವುದು. 1883ರಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ರೈಲುಗಾಡಿಯ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ, ಅದರಲ್ಲಿ ಕೊರೆದಿದ್ದ ರಂಧ್ರಕ್ಕೆ ಹೊಡೆದ ಮರದ ಬೆಣೆಯನ್ನು ಒಳಗಿನ ಎಣ್ಣೆಯೇ ಹೊರದಬ್ಬಿತು. ತಿರುಗುವ ಅಚ್ಚು ಎಣ್ಣೆಯನ್ನು ಒಳಗೆಳೆದು ಒತ್ತಡ ಹುಟ್ಟಿಸುತ್ತದೆ, ಆ ಒತ್ತಡವೇ ಭಾರವನ್ನು ಹೊರುತ್ತದೆ ಎಂಬುದನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಣಿತದಿಂದ ವಿವರಿಸಿದನು.

ಆದರೆ ವೇಗವಿಲ್ಲದೆ ಈ ಒತ್ತಡವಿಲ್ಲ. ಟ್ರ್ಯಾಕ್ಟರನ್ನು ಮುಂಜಾನೆ ಚಾಲೂ ಮಾಡುವ ಕ್ಷಣದಲ್ಲಿ, ಎಂಜಿನಿನ ಕ್ಯಾಮ್ ತನ್ನ ಟ್ಯಾಪೆಟ್ಟಿನ ಮೇಲೆ ಕಿರಿದಾದ ಗೆರೆಯಲ್ಲಿ ಒತ್ತಿ ಜಾರುವಾಗ, ಎಣ್ಣೆಯ ಪದರ ಹರಿದು ಲೋಹ ಲೋಹವನ್ನು ತಾಗುತ್ತದೆ. ಶುದ್ಧ ಖನಿಜ ತೈಲಕ್ಕೆ ಹರಳೆಣ್ಣೆಯಂತೆ ಕಚ್ಚಿ ಹಿಡಿಯುವ ಗುಣವಿಲ್ಲ. ಹರಳೆಣ್ಣೆಯೋ ಎಂಜಿನಿನ ಬಿಸಿಯಲ್ಲಿ ಅಂಟಾಗಿ ಕೆಡುತ್ತದೆ. ಈ ಇಕ್ಕಟ್ಟನ್ನು ಬಿಡಿಸಿದ್ದು ಸತು, ರಂಜಕ, ಗಂಧಕಗಳನ್ನೊಳಗೊಂಡ ಜಿಂಕ್ ಡೈಆಲ್ಕೈಲ್ ಡೈಥಯೋಫಾಸ್ಫೇಟ್ ಎಂಬ ಸಂಯುಕ್ತ. 1940ರ ದಶಕದಲ್ಲಿ ಇದನ್ನು ಎಣ್ಣೆ ಕೆಡದಂತೆ, ಬೇರಿಂಗು ತುಕ್ಕು ತಿನ್ನದಂತೆ ಕಾಯಲೆಂದು ಬೆರೆಸತೊಡಗಿದರು; ಸವೆತ ತಡೆಯುವ ಶಕ್ತಿ ಅನಂತರ ತಿಳಿದುಬಂದಿತು.

ಎಣ್ಣೆಯಲ್ಲಿ ನೂರಕ್ಕೆ ಒಂದು ಭಾಗದಷ್ಟಿದ್ದರೆ ಸಾಕು. ಉಜ್ಜುವಿಕೆಯ ಬಿಸಿ ಹಾಗೂ ಒತ್ತಡದಲ್ಲಿ ಇದರ ಅಣುಗಳು ಒಡೆದು, ಉಕ್ಕಿನ ಮೇಲೆ ಫಾಸ್ಫೇಟಿನ ಗಾಜಿನಂತಹ ಲೇಪವಾಗುತ್ತವೆ. ಅದರ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಪಾಲು. ಅಚ್ಚರಿಯ ಸಂಗತಿಯೆಂದರೆ, ಎಲ್ಲಿ ತಿಕ್ಕಾಟ ಹೆಚ್ಚೋ ಅಲ್ಲಿಯೇ ಈ ಲೇಪ ಬೇಗ ಬೆಳೆಯುತ್ತದೆ. ಇದನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಮತ್ತವರ ಸಹಯೋಗಿಗಳು 2015ರಲ್ಲಿ ಸೂಕ್ಷ್ಮ ಮೊನೆಯೊಂದರಿಂದ ಉಜ್ಜಿ ಅಳೆದು ತೋರಿಸಿದರು. ಲೋಹಕ್ಕೆ ಬದಲಾಗಿ ಲೇಪ ಸವೆಯುತ್ತದೆ, ಎಣ್ಣೆಯೊಳಗಿನ ದಾಸ್ತಾನಿನಿಂದ ಮತ್ತೆ ಹುಟ್ಟುತ್ತದೆ.

ಇಲ್ಲಿ ಅನೇಕರು ಎಡವುವ ಮಾತೊಂದಿದೆ. ಘರ್ಷಣೆ ಬೇರೆ, ಸವೆತ ಬೇರೆ. ಮೇಲಿನ ಗಾಜುಲೇಪ ಸವೆತವನ್ನು ತಡೆದರೂ ಘರ್ಷಣೆಯನ್ನು ತಗ್ಗಿಸುವುದಿಲ್ಲ, ಕೆಲವೊಮ್ಮೆ ತುಸು ಹೆಚ್ಚಿಸುವುದೂ ಉಂಟು. ಘರ್ಷಣೆ ಇಳಿಸಲು ಬೇರೆ ಸಂಯುಕ್ತಗಳನ್ನು ಸೇರಿಸುತ್ತಾರೆ: ಹರಳೆಣ್ಣೆಯ ಜಾತಿಯ ನೀಳ ಅಣುಗಳನ್ನು, ಇಲ್ಲವೇ ಇಸ್ಪೀಟೆಲೆಗಳಂತೆ ಒಂದರ ಮೇಲೊಂದು ಜಾರುವ ಪದರಗಳನ್ನು ಕೊಡುವ ಮಾಲಿಬ್ಡಿನಮ್ ಸಂಯುಕ್ತಗಳನ್ನು.

ದಾಸ್ತಾನು ಅಕ್ಷಯವಲ್ಲವಾದ್ದರಿಂದ, ಕಪ್ಪಾದ ಹಳೆಯ ಎಣ್ಣೆಯ ಮೇಲೆ ಹೊಸದನ್ನು ಸುರಿದು ವರ್ಷ ತಳ್ಳುವ ಪಂಪ್‌ಸೆಟ್ಟಿನ ಒಡೆಯನಿಗೆ ಉಳಿತಾಯಕ್ಕಿಂತ ನಷ್ಟವೇ ಅಧಿಕ. ಅಂಗಡಿಯ ಶೀಸೆಯಿಂದ ಹೆಚ್ಚುವರಿ ಔಷಧ ಸುರಿಯುವುದೂ ಜಾಣತನವಲ್ಲ. ಎಣ್ಣೆಯೊಳಗಿನ ಕೊಳೆ ತೊಳೆಯುವ ವಸ್ತುಗಳೂ ಲೋಹದ ಮೈಯಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸುವುದರಿಂದ ತಯಾರಕರ ಅಳತೆ ಕೆಡುತ್ತದೆ. ರಂಜಕವು ಕಾರಿನ ಹೊಗೆ ಶುದ್ಧಿಗೊಳಿಸುವ ವೇಗವರ್ಧಕವನ್ನೂ ಕೆಡಿಸುತ್ತದೆ. ಅಮೆರಿಕದಲ್ಲಿ 2004ರಲ್ಲಿ ಬಂದ ಮಾನಕವು ಪೆಟ್ರೋಲ್ ಕಾರುಗಳ ಸಾಮಾನ್ಯ ದರ್ಜೆಯ ಎಣ್ಣೆಗಳಲ್ಲಿ ಅದನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಿತು. ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಗಂಧಕ ಇನ್ನೂ ಹೆಚ್ಚು. ಅದು ಉಕ್ಕಿನ ಹಲ್ಲುಗಳಿಗೆ ರಕ್ಷೆ. ಕಂಚಿನ ಗೇರಿರುವ ಯಂತ್ರಕ್ಕೆ ಅದನ್ನೇ ಹಾಕಿದರೆ ಬಿಸಿಯೇರಿದಾಗ ಕಂಚು ಕಪ್ಪಾಗಿ ಕೊರೆಯುವ ಭಯವಿರುವುದರಿಂದ, ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಎಣ್ಣೆ ಹಾಕತಕ್ಕದ್ದು.