ತೆರೆಯ ಬಣ್ಣ, ಕಡತದ ಕಸ

ಆದೇಶಗಳನ್ನು ಟೈಪು ಮಾಡಿ ಗಣಕ ನಡೆಸುವವರು ನೀವಾಗಿದ್ದರೆ, ಉತ್ತರಗಳು ಬಣ್ಣಬಣ್ಣವಾಗಿ ಮೂಡುವುದನ್ನು ನೋಡಿಯೇ ಇರುತ್ತೀರಿ. ಲಿನಕ್ಸ್‌ನ ಗ್ರೆಪ್ ಆದೇಶ, ಹುಡುಕಿದ ಪದವನ್ನು ಕೆಂಪಾಗಿ ತೋರಿಸುತ್ತದೆ. ಈ ಬಣ್ಣ ಎಲ್ಲಿಂದ ಬರುತ್ತದೆ?

ನಮ್ಮ ಪ್ರಯೋಗಾಲಯದ ವಿದ್ಯಾರ್ಥಿಯೊಬ್ಬ ಉಷ್ಣತೆಯ ಅಳತೆಗಳಿದ್ದ ಕಡತದಿಂದ 45 ಡಿಗ್ರಿಯ ಸಾಲುಗಳನ್ನು ಗ್ರೆಪ್‌ನಿಂದ ಹೆಕ್ಕಿ ಇನ್ನೊಂದು ಕಡತಕ್ಕೆ ತುಂಬಿದ. ನಕ್ಷೆ ಬಿಡಿಸುವ ತಂತ್ರಾಂಶ ಅದರಲ್ಲಿ ಒಂದು ಅಂಕಿಯನ್ನೂ ಓದಲಿಲ್ಲ. ತೆರೆಯ ಮೇಲೆ ನೋಡಿದರೆ ಎಲ್ಲವೂ ಸರಿ, ಕೆಂಪಗೆ ಅಂದವಾಗಿಯೂ ಇದೆ! ತಂತ್ರಾಂಶವನ್ನು ಬೈಯುತ್ತ ಒಂದು ಮಧ್ಯಾಹ್ನ ಕಳೆದೆವು. ಕೊನೆಗೆ ಕಡತವನ್ನು ಎಡಿಟರ್‌ನಲ್ಲಿ ತೆರೆದಾಗ, ಪ್ರತಿ 45ರ ಹಿಂದೆ ಚೌಕ ಕಂಸ, 01;31, ‘ಎಂ’ ಅಕ್ಷರ ಮುಂತಾದ ಕಸ ಕಾಣಿಸಿತು.

ಆ ಕಸವೇ ಬಣ್ಣ. ಅಕ್ಷರಗಳಿಗೆ ಸ್ವಂತ ಬಣ್ಣವಿಲ್ಲ. 27ನೆಯ ಸಂಕೇತವಾದ ‘ಎಸ್ಕೇಪ್’ ಬಂದೊಡನೆ, ಮುಂದಿನದು ಬರೆಯಬೇಕಾದ ಪಠ್ಯವಲ್ಲ, ತನಗೆ ಕೊಟ್ಟ ಸೂಚನೆ ಎಂದು ಟರ್ಮಿನಲ್ ತಿಳಿಯುತ್ತದೆ. 01 ಎಂದರೆ ದಪ್ಪ, 31 ಎಂದರೆ ಕೆಂಪು, 0 ಎಂದರೆ ಮೊದಲಿನಂತಾಗು. ತೆರೆ ಈ ಸೂಚನೆಯನ್ನು ನುಂಗಿ ಬಣ್ಣ ತೋರಿಸುತ್ತದೆ. ಕಡತವಾದರೋ ಬಂದದ್ದನ್ನೆಲ್ಲ ಹಾಗೆಯೇ ಬರೆದಿಟ್ಟುಕೊಳ್ಳುತ್ತದೆ.

ಎಲ್ಲ ಟರ್ಮಿನಲ್‌ಗಳೂ ಸಮಾನವಲ್ಲ. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ ಹೊರತಂದ ವಿಟಿ100, ಎಸ್ಕೇಪ್ ಸೂಚನೆಗಳನ್ನು ಅರಿಯುತ್ತಿತ್ತು. ಆದರೆ ಅದರ ತೆರೆಗೆ ಒಂದೇ ಬಣ್ಣ. ಸೂಚನೆಗಳನ್ನೇ ಅರಿಯದ ಸಾಧನಗಳು ಕಸವನ್ನು ತೆರೆಯ ಮೇಲೆಯೇ ಚೆಲ್ಲುತ್ತವೆ. ಆದ್ದರಿಂದ ‘ಟರ್ಮ್’ ಎಂಬ ಚರದಲ್ಲಿ ಟರ್ಮಿನಲ್‌ನ ಹೆಸರಿರುತ್ತದೆ. ಅದರ ಸಾಮರ್ಥ್ಯ ‘ಟರ್ಮಿನ್ಫೊ’ ಎಂಬ ಪಟ್ಟಿಯಲ್ಲಿ ಸಿಗುತ್ತದೆ. ‘ಟಿಪುಟ್ ಕಲರ್ಸ್’ ಎಂದು ಕೇಳಿ ನೋಡಿ: 8 ಅಥವಾ 256 ಎಂಬ ಉತ್ತರ ಬಂದೀತು. ಹೆಸರನ್ನು ವಿಟಿ100 ಎಂದು ಬದಲಿಸಿ ಕೇಳಿದರೆ −1, ಅಂದರೆ ಬಣ್ಣವಿಲ್ಲ.

ಸಭ್ಯ ತಂತ್ರಾಂಶ ಇನ್ನೊಂದನ್ನೂ ಕೇಳುತ್ತದೆ: ನನ್ನ ಉತ್ತರ ಹೋಗುತ್ತಿರುವುದು ಟರ್ಮಿನಲ್‌ಗೋ, ಕಡತಕ್ಕೋ? ಕಾರ್ಯಾಚರಣ ವ್ಯವಸ್ಥೆ ಇದಕ್ಕೆ ಉತ್ತರಿಸಬಲ್ಲದು. ಗ್ರೆಪ್‌ನ ಬಣ್ಣದ ಆಯ್ಕೆಯಲ್ಲಿ ‘ಆಟೋ’ ಎಂದರೆ ಹೀಗೆ ವಿಚಾರಿಸಿ ಬಣ್ಣ ಹಚ್ಚು ಎಂದರ್ಥ. ನಮ್ಮ ಹುಡುಗ ಅಲ್ಲಿ ‘ಆಲ್ವೇಸ್’ ಎಂದು ಬರೆದಿಟ್ಟಿದ್ದ! ಒಂದು ಪದ ತಿದ್ದಿದ್ದೇ ತಡ, ನಕ್ಷೆ ಬಂತು.

ನೀವೇ ತಂತ್ರಾಂಶ ಬರೆಯುವವರಾದರೆ, ಬಣ್ಣ ಬೇಡವೆನ್ನುವವರಿಗೂ ದಾರಿ ಬಿಡಿ. ‘ನೋ ಕಲರ್’ ಎಂಬ ಚರ ಕಂಡರೆ ಬಣ್ಣ ನಿಲ್ಲಿಸುವ ರೂಢಿ 2017ರಿಂದ ಹಬ್ಬುತ್ತಿದೆ. ಕೆಂಪು-ಹಸಿರು ಭೇದ ಕಾಣದ ಕಣ್ಣುಗಳೂ ಇವೆ. ಕೆಂಪು ಹಚ್ಚಿದಲ್ಲಿ ‘ತಪ್ಪು’ ಎಂಬ ಪದವನ್ನೂ ಬರೆಯಿರಿ.