ಸೂಕ್ಷ್ಮದರ್ಶಕದ ಚಿತ್ರವೂ ಬೆಳಕಿನ ಏರುಪೇರೂ

ಬರಿಯ ಕಣ್ಣಿಗೆ ಕಾಣದುದನ್ನು ಕಾಣುವಂತೆ ಮಾಡುವ ಉಪಕರಣವೇ ಸೂಕ್ಷ್ಮದರ್ಶಕ. ಕೆರೆಯ ನೀರಿನ ಒಂದು ಹನಿಯಲ್ಲಿ ಚಲಿಸುವ ಜೀವಿಗಳನ್ನೂ ರಕ್ತದ ಕಣಗಳನ್ನೂ ಅದು ನಮ್ಮೆದುರು ತಂದು ನಿಲ್ಲಿಸುತ್ತದೆ. ಆದರೆ ಅದು ತೋರಿಸುವುದೆಲ್ಲವೂ ವಸ್ತುವಿನ ಗುಣವಲ್ಲ. ದೀಪದ, ಮಸೂರದ ಹಾಗೂ ಕ್ಯಾಮರಾದ ಗುಣದೋಷಗಳೂ ಚಿತ್ರದಲ್ಲಿ ಬೆರೆತಿರುತ್ತವೆ. ಇವುಗಳಲ್ಲಿ ಮುಖ್ಯವಾದುದು ಬೆಳಕಿನ ಏರುಪೇರು. ನಡುವೆ ಪ್ರಕಾಶಮಾನವಾಗಿದ್ದು ಅಂಚಿನತ್ತ ಕಪ್ಪಾಗುವ ಚಿತ್ರವನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅದನ್ನು ಸರಿಪಡಿಸುವ ಕ್ರಮವನ್ನು ಇಲ್ಲಿ ವಿಚಾರಿಸೋಣ.

ಅಂಚು ತುಸು ಕಪ್ಪಾದರೆ ಆಗುವ ಹಾನಿಯೇನು ಎಂದು ಯಾರಾದರೂ ಕೇಳಬಹುದು. ನಮ್ಮ ಕಣ್ಣು ಇಂತಹ ವ್ಯತ್ಯಾಸವನ್ನು ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ; ಕ್ಯಾಮರಾಕ್ಕೆ ಆ ಶಕ್ತಿಯಿಲ್ಲ. ಮಳೆಗಾಲದಲ್ಲಿ ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ಜ್ವರದಿಂದ ನರಳುವವರ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಅದಕ್ಕೆ ಬಣ್ಣ ಹಚ್ಚಿ, ಮಲೇರಿಯಾ ರೋಗಾಣುವನ್ನು ಹುಡುಕುತ್ತಾರೆ. ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಕಂಡುಹಿಡಿದುದೂ ಸೂಕ್ಷ್ಮದರ್ಶಕದ ನೆರವಿನಿಂದಲೇ. ಈಗ ಇಂತಹ ಚಿತ್ರಗಳನ್ನು ಗಣಕಯಂತ್ರದಿಂದ ಪರೀಕ್ಷಿಸುವ ಕ್ರಮವೂ ಬಂದಿದೆ. ‘ಇಷ್ಟಕ್ಕಿಂತ ಕಪ್ಪಾದುದು ರೋಗಾಣುವಿರಬಹುದು’ ಎಂಬ ಮಿತಿಯನ್ನು ಯಂತ್ರಕ್ಕೆ ಕೊಟ್ಟೆವೆನ್ನೋಣ. ಅಂಚಿನ ಮಬ್ಬಿನಲ್ಲಿರುವ ನಿರ್ದೋಷಿಯಾದ ರಕ್ತಕಣವನ್ನು ಅದು ರೋಗಾಣುವೆಂದೀತು. ನಡುವಿನ ಪ್ರಖರ ಬೆಳಕಿನಲ್ಲಿರುವ ನಿಜವಾದ ರೋಗಾಣುವನ್ನು ಬಿಟ್ಟುಬಿಟ್ಟೀತು. ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್ ಸೆಂಟರ್‌ಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಕೇಂದ್ರವಿದೆ. ಅಂತಹ ಸಂಶೋಧನೆಯಲ್ಲಿ ಜೀವಕೋಶವು ಎಷ್ಟು ಬಣ್ಣ ಹೀರಿದೆ ಎಂಬುದನ್ನು ಅಳೆಯಬೇಕಾದಾಗಲೂ ಇದೇ ತೊಡಕು. ರೋಗಿಯ ಹಿತಾಹಿತವು ಆ ಅಳತೆಯನ್ನು ಅವಲಂಬಿಸಿರಬಹುದು.

ಏರುಪೇರಿಗೆ ಕಾರಣಗಳು ಹಲವು. ಕನ್ನಡಿ ಅಥವಾ ದೀಪ ಓರೆಯಾಗಿರಬಹುದು. ಬೆಳಕನ್ನು ವಸ್ತುವಿನತ್ತ ಕೂಡಿಸುವ ಕಂಡೆನ್ಸರ್ ಮಸೂರವು ತಕ್ಕ ಎತ್ತರದಲ್ಲಿ ಇಲ್ಲದಿರಬಹುದು. ಮಸೂರದ ಮೇಲೆ ಧೂಳು ಕುಳಿತಿರಬಹುದು. ಆದುದರಿಂದ ಮೊದಲ ಚಿಕಿತ್ಸೆ ಉಪಕರಣಕ್ಕೇ ಆಗಬೇಕು. ಈ ವಿಷಯದಲ್ಲಿ ಜರ್ಮನಿಯ ಆಗಸ್ಟ್ ಕೋಲರ್ ಅವರ ಹೆಸರು ಸ್ಮರಣೀಯ. ಆ ಕಾಲದ ರೂಢಿಯಂತೆ ದೀಪದ ಬಿಂಬವನ್ನೇ ವಸ್ತುವಿನ ಮೇಲೆ ಬೀಳಿಸಿದಾಗ, ಜ್ವಾಲೆಯ ಆಕಾರವೂ ಛಾಯಾಚಿತ್ರದಲ್ಲಿ ಮೂಡುತ್ತಿತ್ತು. ಕೋಲರ್ ಅವರು ೧೮೯೩ರಲ್ಲಿ ಒಂದು ಹೊಸ ವಿಧಾನವನ್ನು ಪ್ರಕಟಿಸಿದರು. ದೀಪದ ಮುಂದೆ ಒಂದು ಮಸೂರವನ್ನಿಟ್ಟು, ಜ್ವಾಲೆಯ ಬಿಂಬವು ವಸ್ತುವಿನ ಮೇಲೆ ಬೀಳದೆ ಕಂಡೆನ್ಸರಿನ ಬಳಿ ಬೀಳುವಂತೆ ಮಾಡಿದರು. ಆಗ ದೀಪದ ಪ್ರತಿಯೊಂದು ಬಿಂದುವಿನ ಬೆಳಕೂ ವಸ್ತುವಿನ ಎಲ್ಲ ಭಾಗಗಳಿಗೂ ಹರಡುತ್ತದೆ. ಇಂದಿಗೂ ಈ ವಿಧಾನ ಬಳಕೆಯಲ್ಲಿದೆ.

ಇಷ್ಟಾದ ಮೇಲೂ ಸ್ವಲ್ಪ ಏರುಪೇರು ಉಳಿಯುವುದುಂಟು. ಅದನ್ನು ಗಣಿತದಿಂದ ನಿವಾರಿಸಬೇಕು. ಇದಕ್ಕೆ ಫ್ಲ್ಯಾಟ್ ಫೀಲ್ಡ್ ತಿದ್ದುಪಡಿಯೆಂದು ಹೆಸರು. ಮೂರು ಚಿತ್ರಗಳನ್ನು ತೆಗೆಯಬೇಕು: ಮೊದಲನೆಯದು ವಸ್ತುವಿನ ಚಿತ್ರ, ಎರಡನೆಯದು ವಸ್ತುವಿಲ್ಲದ ಶುಭ್ರವಾದ ಗಾಜಿನ ಚಿತ್ರ, ಮೂರನೆಯದು ಬೆಳಕನ್ನು ಪೂರ್ತಿಯಾಗಿ ಮುಚ್ಚಿ ತೆಗೆದ ಕತ್ತಲೆಯ ಚಿತ್ರ. ಕತ್ತಲೆಯಲ್ಲಿಯೂ ಕ್ಯಾಮರಾ ಸೊನ್ನೆಯನ್ನೇ ತೋರಿಸುವುದಿಲ್ಲವಾದುದರಿಂದ ಮೂರನೆಯದು ಅವಶ್ಯ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಕತ್ತಲೆಯ ಅಳತೆ ಎಲ್ಲೆಡೆಯೂ ೨೦ ಇರಲಿ. ಬರಿಯ ಗಾಜಿನ ಅಳತೆ ನಡುವೆ ೨೨೦, ಅಂಚಿನಲ್ಲಿ ೧೨೦ ಇರಲಿ. ಒಂದೇ ಬಗೆಯ ಎರಡು ಕೋಶಗಳಲ್ಲಿ ನಡುವಿನದು ೧೨೦, ಅಂಚಿನದು ೭೦ ಎಂದು ತೋರಿತೆನ್ನೋಣ. ಮೊದಲು ಎಲ್ಲದರಿಂದಲೂ ೨೦ನ್ನು ಕಳೆಯಬೇಕು. ಬಳಿಕ ಕೋಶದ ಅಳತೆಯನ್ನು ಆಯಾ ಸ್ಥಳದ ಗಾಜಿನ ಅಳತೆಯಿಂದ ಭಾಗಿಸಬೇಕು. ನಡುವೆ ೧೦೦ನ್ನು ೨೦೦ರಿಂದ, ಅಂಚಿನಲ್ಲಿ ೫೦ನ್ನು ೧೦೦ರಿಂದ ಭಾಗಿಸಿದರೆ ಎರಡೂ ಕಡೆ ಅರ್ಧವೇ ಬರುತ್ತದೆ. ಎರಡು ಕೋಶಗಳೂ ತಮಗೆ ದೊರೆತ ಬೆಳಕಿನ ಅರ್ಧವನ್ನು ಮುಂದೆ ಬಿಟ್ಟಿವೆ ಎಂಬುದೇ ಸತ್ಯ.

ಭಾಗಾಕಾರವೇಕೆ? ಅಂಚಿಗೆ ೧೦೦ನ್ನು ಕೂಡಿಸಿದರೆ ಸಾಲದೆ? ಹಾಗೆ ಮಾಡಿದರೆ ಬರಿಯ ಗಾಜು ಎಲ್ಲೆಡೆಯೂ ೨೨೦ ಆಗುವುದು ನಿಜ; ಆದರೆ ಅಂಚಿನ ಕೋಶ ೧೭೦ ಆಗಿ, ನಡುವಿನ ೧೨೦ಕ್ಕಿಂತ ಬೆಳ್ಳಗೆ ತೋರುತ್ತದೆ. ಚಿತ್ರದ ಹಿನ್ನೆಲೆ ಅಂದವಾಯಿತು, ಅಳತೆ ಕೆಟ್ಟಿತು! ವಸ್ತುವು ತನ್ನ ಮೇಲೆ ಬಿದ್ದ ಬೆಳಕಿನ ಒಂದು ಪಾಲನ್ನು ಮಾತ್ರ ಹೊರಬಿಡುತ್ತದೆ; ಪಾಲನ್ನು ತಿಳಿಯಲು ಭಾಗಾಕಾರವೇ ಮಾರ್ಗ.

ಈ ಕ್ರಮಕ್ಕೂ ನಿಯಮಗಳಿವೆ. ದೀಪ, ಮಸೂರಗಳನ್ನು ನಡುವೆ ಕದಲಿಸಬಾರದು. ಚಿತ್ರ ತೆಗೆಯುವ ಕಾಲಾವಧಿ ಒಂದೇ ಇರಬೇಕು. ಕ್ಯಾಮರಾ ಕೊಡುವ ಸಂಖ್ಯೆ ಬೆಳಕಿನ ಪ್ರಮಾಣಕ್ಕೆ ಅನುಗುಣವಾಗಿರಬೇಕು. ಚಿತ್ರವನ್ನು ತಾನಾಗಿ ತಿದ್ದಿಕೊಡುವ ಮೊಬೈಲ್ ಕ್ಯಾಮರಾ ಅಳತೆಗೆ ತಕ್ಕುದಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಅತಿ ಬೆಳಕಿನಿಂದ ಪೂರ್ತಿ ಬೆಳ್ಳಗಾದ ಭಾಗದ ವಿವರವನ್ನು ಯಾವ ಗಣಿತವೂ ಮರಳಿ ತರಲಾರದು. ಸಂಜೆಯ ಸಮಪ್ರಕಾಶದ ಆಕಾಶವನ್ನು ಚಿತ್ರಿಸಿ, ನಕ್ಷತ್ರಗಳ ಚಿತ್ರವನ್ನು ಅದರಿಂದ ಭಾಗಿಸುವ ಖಗೋಳವಿಜ್ಞಾನಿಗಳಿಗೂ ಇಂತಹ ನಿಯಮಗಳು ಅನ್ವಯಿಸುತ್ತವೆ.

ಚಿತ್ರವನ್ನು ಅಂದಗೊಳಿಸುವುದು ಬೇರೆ, ಸರಿಪಡಿಸುವುದು ಬೇರೆ. ಮೊದಲನೆಯದು ನಮ್ಮ ಇಷ್ಟವನ್ನು ಅನುಸರಿಸುತ್ತದೆ. ಎರಡನೆಯದು ಪ್ರಮಾಣವನ್ನು ಅನುಸರಿಸುತ್ತದೆ. ಆದುದರಿಂದ ಮೂಲಚಿತ್ರವನ್ನು ಅಳಿಸದೆ ಕಾಯ್ದಿರಿಸಿ, ಮಾಡಿದ ತಿದ್ದುಪಡಿಯನ್ನು ಬರೆದಿಡುವುದು ವಿಜ್ಞಾನಿಯ ಧರ್ಮ. ಮುಂದಿನ ಸಲ ಸೂಕ್ಷ್ಮದರ್ಶಕದ ಮುಂದೆ ಕುಳಿತಾಗ, ವಸ್ತುವನ್ನು ಇಡುವ ಮೊದಲು ಬರಿಯ ಗಾಜನ್ನೊಮ್ಮೆ ನೋಡೋಣ. ನಮ್ಮ ದೀಪದ ದೋಷವನ್ನು ಅರಿತ ಮೇಲೆಯೇ ವಸ್ತುವಿನ ಗುಣವನ್ನು ಹೇಳಲು ನಾವು ಅರ್ಹರು.