ಹುಟ್ಟಿನಿಂದ ಬಂದ ತಲೆಬುರುಡೆ ತೊಂದರೆ: ದೊಡ್ಡವರಾದರೂ ಕಣ್ಣು ತೋರಿಸಿ



ಕೆಲವರಿಗೆ ತಲೆಬುರುಡೆಯ ಮೂಳೆಗಳು ಕಾಲಕ್ಕೆ ಮೊದಲೇ ಕೂಡಿಕೊಳ್ಳುತ್ತವೆ. ಕ್ರೂಜಾನ್, ಏಪರ್ಟ್ ಇಂಥ ತೊಂದರೆಗಳು. ಕಾರಣ ವಂಶವಾಹಿಯ ಬದಲಾವಣೆ. ಗ್ರಹಣವಲ್ಲ, ತಾಯಿಯ ತಪ್ಪೂ ಅಲ್ಲ.

ಇವರ ಕಣ್ಣಿನ ಗೂಡು ಆಳವಿರದೆ ಕಣ್ಣು ಮುಂದೆ ಬಂದಿರುತ್ತೆ. ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಪ್ಪುಗುಡ್ಡೆ ಒಣಗಿ ಹುಣ್ಣಾಗಬಹುದು. ಗದ್ದೆಯ ಧೂಳು, ಆಲೆಮನೆ ಹೊಗೆಯಿಂದ ಇನ್ನೂ ಕಷ್ಟ. ತಲೆಯೊಳಗೆ ಒತ್ತಡ ಹೆಚ್ಚಿದರೆ ಕಣ್ಣಿನ ನರ ಸೊರಗಿ, ನೋವಿಲ್ಲದೆಯೇ ದೃಷ್ಟಿ ಹೋಗಬಹುದು. ಹೀಗೆ ಹೋದದ್ದು ಸಾಮಾನ್ಯವಾಗಿ ಮರಳುವುದಿಲ್ಲ.

‘ಚಿಕ್ಕಂದಿನಲ್ಲೇ ಆಪರೇಷನ್ ಆಯ್ತಲ್ಲ’ ಅಂತ ಸುಮ್ಮನಿರಬೇಡಿ. ವರ್ಷಕ್ಕೊಮ್ಮೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ. ಕಣ್ಣು ಕೆಂಪಾದರೆ, ಮಂಜಾದರೆ ಅಂದೇ ಹೋಗಿ. ಸೊಪ್ಪಿನ ರಸ ಹಿಂಡಬೇಡಿ. ಜನ ನಗುತ್ತಾರೆಂದು ಮನೆಯೊಳಗೇ ಉಳಿದವರಿದ್ದರೆ, ನಾವು ಸಂಘದವರೇ ಜೊತೆಗೂಡಿ ಕರೆದುಕೊಂಡು ಹೋಗೋಣ.